ಕೊನೆಯ ದೋಣಿಗೆ ಹತ್ತಿದವರು

ನಮ್ಮ ಡ್ರಿಲ್ ಟೀಚರ ಮೀನಖಂಡಗಳ ತುಂಬ ರಕ್ತ ಹೀರುವ ಇಂಬಳ ಕಚ್ಚಿದ ಕಲೆಗಳಿದ್ದವು. ಹಳೆಯವು ಬೂದು ಬಣ್ಣಕ್ಕೆ ತಿರುಗಿ ಚರ್ಮದಲ್ಲೇ ಸೇರಿಹೋಗಿದ್ದವು. ಹೊಸವು ಕೆಂಪಗೆ, ಇನ್ನೂ ತುರಿಕೆ ಹೋಗಿಲ್ಲವೆಂಬಂತೆ ಕಾಣುತ್ತಿದ್ದವು. ಅವರು ಸೀರೆಯನ್ನು ಗೇಣುದ್ದ ಎತ್ತಿ ಉಟ್ಟು, ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಅರವತ್ತರ ದಶಕದ ಸಾಗರದ ಪೇಟೆಯಲ್ಲಿ ಹಾಗೆ ನಡೆದಾಡುವ ಇನ್ನೊಬ್ಬ ಹೆಂಗಸು ಇರಲಿಲ್ಲ. ಅಂಗಡಿ ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಟೀಚರ್ ಮಾತ್ರ ಅವರಿಗೆಲ್ಲ ತಲೆಯಾಡಿಸಿ, "ಊಟ ಆಯ್ತಾ?" ಎಂದು ಕೇಳುತ್ತಾ ಹೋಗಿಬಿಡುತ್ತಿದ್ದರು.

ಅವರು ಮೇಗರವಳ್ಳಿಯ ಕಡೆಯವರು. ತಂದೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದರಂತೆ. ತಾಯಿ ಇಲ್ಲದ ಮಗಳನ್ನು ಮನೆಯಲ್ಲಿ ಬಿಟ್ಟು ಹೋಗಲಾರದೆ ಕಾಡಿಗೇ ಕರೆದುಕೊಂಡು ಹೋಗುತ್ತಿದ್ದರಂತೆ. ಟೀಚರ್ ಮದುವೆಯಾಗಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮಗಿರಲಿಲ್ಲ.

ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಎಂದರೆ ಕೈ ಮೇಲೆ, ಕೈ ಕೆಳಗೆ. ಅವರು ಬಂದಮೇಲೆ ಶನಿವಾರ ಬೆಳಿಗ್ಗೆ ಊರ ಹೊರಗಿನ ಗುಡ್ಡಕ್ಕೆ ಕರೆದೊಯ್ಯತೊಡಗಿದರು. ಒಬ್ಬೊಬ್ಬರಿಗೂ ಒಂದೊಂದು ಮರ ಹಂಚುತ್ತಿದ್ದರು. ಅದಕ್ಕೆ ಬೆನ್ನು ಕೊಟ್ಟು ಕೂತು, ಕರೆಯುವ ತನಕ ಮಾತಾಡದೆ, ಏನೇನು ಕೇಳಿಸಿತೆಂದು ಆಮೇಲೆ ಹೇಳಬೇಕು. ಮೊದಲ ವಾರ ನನಗೆ ಕೇಳಿಸಿದ್ದು ನನ್ನ ಹೊಟ್ಟೆಯ ಸದ್ದು ಮಾತ್ರ. ಮಳೆಗಾಲ ಮುಗಿಯುವಷ್ಟರಲ್ಲಿ ಮರಕುಟಿಗ ಒಣಮರ ಕುಟ್ಟುವುದಕ್ಕೂ ಹಸಿಮರ ಕುಟ್ಟುವುದಕ್ಕೂ ವ್ಯತ್ಯಾಸ ಗೊತ್ತಾಗುತ್ತಿತ್ತು. ಒದ್ದೆ ಕಾಡಿನಲ್ಲಿ ಬೆಂಕಿ ಮಾಡುವುದು, ನೀರು ಕುಡಿದಷ್ಟೂ ಬಿಗಿಯುವ ಗಂಟು ಹಾಕುವುದು, ಹಾವು ಕಂಡರೆ ಹಿಂದಕ್ಕೆ ಹೇಗೆ ಸರಿಯುವುದು ಎಲ್ಲವನ್ನೂ ಕಲಿಸಿದರು. "ದಾರಿ ತಪ್ಪಿದ್ರೆ ಮೊದಲ ಕೆಲಸ ಏನು?" ಎಂದು ಹಠಾತ್ತನೆ ಕೇಳುತ್ತಿದ್ದರು. "ಕೂತ್ಕೊಳ್ಳೋದು ಟೀಚರ್!" ಎಂದು ನಾವೆಲ್ಲ ಕೂಗಬೇಕು.

"ಕಾಡಿಗೆ ಹೆದ್ರಬೇಡಿ ಅಂತ ನಾನು ಹೇಳೋದಿಲ್ಲ. ಹೆದ್ರಿ. ಹೆದ್ರಿದೋರು ಕಣ್ಣು ಬಿಟ್ಕೊಂಡು ನಡೀತಾರೆ," ಎನ್ನುವುದು ಅವರ ಮಾತು.

ಒಂದು ವರ್ಷ ದಸರಾ ರಜೆಯಲ್ಲಿ ಹುಡುಗಿಯರನ್ನು ಕಾಡಿನ ಶಿಬಿರಕ್ಕೆ ಕರೆದೊಯ್ಯುತ್ತೇನೆಂದು ಅವರು ಹೊರಟಾಗ ಊರಿನಲ್ಲಿ ಗುಲ್ಲಾಯಿತು. ಟೀಚರ್ ಮನೆಮನೆಗೆ ಬಂದರು. ನಮ್ಮ ತಂದೆ ಬಸ್ ಏಜೆಂಟರು. ಜಗಲಿಯಲ್ಲಿ ಕೂತ ಟೀಚರನ್ನು ನೋಡಿ, "ಹೆಣ್ಣುಮಕ್ಕಳು ಬಯಲಲ್ಲಿ ಮಲಗೋದು ಅಂದ್ರೆ ಹ್ಯಾಗಮ್ಮ?" ಎಂದರು.

"ನಿಮ್ಮ ಬಸ್ಸು ಘಟ್ಟ ಇಳಿಯುವಾಗ ಅದ್ರಲ್ಲಿ ಹೆಣ್ಣುಮಕ್ಕಳು ಕೂತಿರ್ತಾರಲ್ಲ ರಾಯರೇ, ಡ್ರೈವರ್‌ನ ನಂಬಿ ಕಳಿಸ್ತೀರಿ. ಹಾಗೇ ನನ್ನ ನಂಬಿ ಕಳಿಸಿ," ಎಂದರು ಟೀಚರ್.

ತಂದೆ ನಕ್ಕುಬಿಟ್ಟರು. ಅಮ್ಮ ನಗಲಿಲ್ಲ.

ಶಿಬಿರದ ಜಾಗ ಹೊಸನಗರದ ಕಡೆ, ಲಿಂಗನಮಕ್ಕಿಯ ಹಿನ್ನೀರು ಆಗತಾನೆ ತುಂಬಿಕೊಳ್ಳುತ್ತಿದ್ದ ಸೀಮೆಯಲ್ಲಿತ್ತು. ಊರುಗಳು ಖಾಲಿಯಾಗಿದ್ದವು. ಜನ ಹೆಂಚು, ತೊಲೆ, ಬಾಗಿಲು ಎಲ್ಲ ಕಳಚಿಕೊಂಡು ಹೋಗಿ ಬರೀ ಗೋಡೆಗಳು ನಿಂತಿದ್ದವು. ಒಂದು ಗುಡ್ಡದ ಮೇಲೆ ಅಂಥದ್ದೇ ಒಂದು ಬೋಳುಮನೆ. ಅದರ ಗೋಡೆಗಳ ಮೇಲೆ ಟಾರ್ಪಾಲು ಎಳೆದು ಕಟ್ಟಿ ನಾವು ಬಿಡಾರ ಹೂಡಿದೆವು. ಗುಡ್ಡಕ್ಕೂ ರಸ್ತೆಗೂ ನಡುವೆ ಒಂದು ತಗ್ಗು, ತಗ್ಗಿನಲ್ಲಿ ಹಳ್ಳ, ಹಳ್ಳಕ್ಕೆ ಅಡ್ಡವಾಗಿ ಕಲ್ಲಿನ ಮೋರಿ. ಮಳೆ ಮುಗಿದಿದೆ, ನೀರು ಇನ್ನು ಏರುವುದಿಲ್ಲ ಎಂದು ರಸ್ತೆಬದಿಯ ಅಂಗಡಿಯವರು ಹೇಳಿದ್ದರು.

ಮೊದಲ ದಿನಗಳು ಸುಖವಾಗಿದ್ದವು. ಆಮೇಲೆ ಮಳೆ ಹಿಡಿಯಿತು. ಜೊತೆಗೆ ಬಂದಿದ್ದ ಹೊಲಿಗೆ ಟೀಚರಿಗೆ ಜ್ವರ ಬಂದು, ಅವರು ಅಡುಗೆಯವಳನ್ನು ಕರೆದುಕೊಂಡು ವಾಪಸ್ ಹೋದರು. "ನಾವೂ ಹೋಗೋಣ್ವಾ ಟೀಚರ್?" ಎಂದು ಯಾರೋ ಕೇಳಿದರು. ಡ್ರಿಲ್ ಟೀಚರ್ ಆಕಾಶ ನೋಡಿ, "ಇನ್ನೊಂದೇ ದಿನ ಅಲ್ವಾ, ಮುಗಿಸ್ಕೊಂಡೇ ಹೋಗೋಣ," ಎಂದರು.

ಮರುದಿನ ಬೆಳಿಗ್ಗೆ ನೀರು ತರಲು ಹೋದ ನಾನು ಕೊಡ ಅಲ್ಲೇ ಬಿಟ್ಟು ಓಡಿಬಂದೆ. ತಗ್ಗು ಇರಲಿಲ್ಲ. ಮೋರಿ ಇರಲಿಲ್ಲ. ಮಣ್ಣುಬಣ್ಣದ ನೀರು ಈ ಗುಡ್ಡದಿಂದ ಆ ರಸ್ತೆಯ ದಂಡೆಯ ತನಕ ಹಾಸಿಕೊಂಡಿತ್ತು. ಹಿನ್ನೀರು ಹಳ್ಳದೊಳಗೆ ನುಗ್ಗಿತ್ತು, ಮೇಲಿಂದ ಮಳೆಯ ನೀರು ಬಂದು ಅದಕ್ಕೆ ಗುದ್ದುತ್ತಿತ್ತು. ನಡುವೆ ಸುಳಿ ತಿರುಗುತ್ತಿದ್ದುದು ದಡದಿಂದಲೇ ಕಾಣುತ್ತಿತ್ತು.

ಟೀಚರ್ ಬಂದು ನೋಡಿದರು. ಆಮೇಲೆ ನೀರಿನ ಅಂಚಿಗೆ ಒಂದು ಗೂಟ ಹೊಡೆದರು. ನಾವು ಗಂಜಿ ಕುಡಿದು ಬರುವಷ್ಟರಲ್ಲಿ ಗೂಟದ ಬುಡ ಮುಳುಗಿತ್ತು.

"ಎಲ್ರೂ ಇಲ್ಲಿ ಕೇಳಿ," ಎಂದರು. "ಇದು ನಡುಗಡ್ಡೆ ಆಗಿದೆ. ಗುಡ್ಡದ ನೆತ್ತಿ ಮುಳುಗೋದಿಲ್ಲ, ಅದು ನಂಗೆ ಗೊತ್ತು. ಆದ್ರೆ ನಾವು ಇಲ್ಲಿದೀವಿ ಅಂತ ಆಚೆಯೋರಿಗೆ ಗೊತ್ತಾಗ್ಬೇಕು. ಅಳೋದಿದ್ರೆ ಕೆಲಸ ಮಾಡ್ತಾ ಅಳಿ."

ಕೆಲವರು ನಿಜವಾಗಿಯೂ ಹಾಗೆಯೇ ಮಾಡಿದರು. ಅಡಿಕೆ ತೋಟದವರ ಮನೆಯ ಸಣ್ಣ ಹುಡುಗಿಯೊಬ್ಬಳು, "ಎಂಗೆ ಅಮ್ಮ ಬೇಕು, ಎಂಗೆ ಹೆದ್ರಿಕೆ ಆಗ್ತು," ಎಂದು ತನ್ನ ಮನೆಮಾತಿನಲ್ಲಿ ಅನ್ನುತ್ತಲೇ ಸೌದೆ ಆರಿಸಿದಳು. ಟೀಚರ್ ಧೂಪದ ಮರದ ಅಂಟನ್ನು ಕೆತ್ತಿ ತಂದರು. ಅದಕ್ಕೆ ಮಳೆಯಲ್ಲೂ ಬೆಂಕಿ ಹಿಡಿಯುತ್ತದೆ. ನೆತ್ತಿಯ ಮೇಲೆ ಮೂರು ಕಡೆ ಬೆಂಕಿ ಮಾಡಿ, ಮೇಲೆ ಹಸಿಸೊಪ್ಪು ಹೊದಿಸಬೇಕೆಂದರು. ಒಂದು ಹೊಗೆಯಾದರೆ ಯಾರೋ ಅಡುಗೆ ಮಾಡುತ್ತಿದ್ದಾರೆ ಎನ್ನುತ್ತಾರೆ. ಸಾಲಾಗಿ ಮೂರು ಎದ್ದರೆ ಏನೋ ಆಗಿದೆ ಎಂದು ಯೋಚಿಸುತ್ತಾರೆ.

ನೀರು ಏರಿದಂತೆ ಕೆಳಗಿನ ಜೀವಗಳೂ ಮೇಲೆ ಬಂದವು. ಇರುವೆಗಳು ಗೋಡೆಯನ್ನು ಕಪ್ಪಗೆ ಮುಚ್ಚಿದವು. ಕೇರೆಹಾವೊಂದು ನಮ್ಮ ಟ್ರಂಕಿನ ಪಕ್ಕ ಸುರುಳಿಯಾಗಿತ್ತು. ಒಬ್ಬಳು ದೊಣ್ಣೆ ಎತ್ತಿದಳು. "ಬಿಡು. ಅದೂ ನಮ್ಮ ಹಾಗೇ ಸಿಕ್ಕಿಹಾಕ್ಕೊಂಡಿದೆ," ಎಂದು ಟೀಚರ್ ಟ್ರಂಕನ್ನೇ ಬೇರೆ ಕಡೆಗೆ ಎಳೆದರು.

ನಮ್ಮಲ್ಲಿ ವನಜ ಎಂಬ ಹುಡುಗಿ ಇದ್ದಳು. ಅವಳ ಅಜ್ಜ, ಅಪ್ಪ ಗೇಣಿ ಮಾಡುತ್ತಿದ್ದ ಗದ್ದೆಗಳು ಇದೇ ನೀರಿನಡಿ ಹೋಗಿದ್ದವು. ಮನೆಯವರು ಸಾಗರದ ಹತ್ತಿರ ಹೊಸದಾಗಿ ಬಂದು ನೆಲೆಸಿದ್ದರು. ಅವಳು ಟೀಚರ ಹತ್ತಿರ ಹೋಗಿ, "ಮೋರಿ ಮೇಲೆ ನಡೆದ್ರೆ ಸೊಂಟದ ತನಕ ಅಷ್ಟೇ ನೀರು ಟೀಚರ್. ನಂಗೆ ಗೊತ್ತು. ಇದು ನಮ್ಮಜ್ಜನ ಮನೆ ದಾರಿ," ಎಂದಳು.

"ಮೋರಿ ಕಾಣಿಸ್ತಾ ಇದ್ಯಾ?"

"ಇಲ್ಲ."

"ಕಾಣಿಸದೇ ಇದ್ದದ್ದನ್ನ ತುಳಿಯೋದು ಬೇಡ ಮಾರಾಯ್ತಿ. ಸೊಪ್ಪು ತಗೊಂಬಾ."

ವನಜ ಸೊಪ್ಪಿಗೆಂದು ಇಳಿದಳು. ಆಮೇಲೆ ನಾನು ನೋಡಿದಾಗ ಅವಳು ಎದೆಮಟ್ಟದ ನೀರಿನಲ್ಲಿದ್ದಳು. ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ, ಕಣ್ಣು ಮುಚ್ಚಿದರೂ ದಾರಿ ಗೊತ್ತೆಂಬಂತೆ ಹೋಗುತ್ತಿದ್ದಳು. ನಾನು ಕಿರುಚಿದೆ. ಅವಳು ತಿರುಗಿ ನೋಡಿದಳು. ಮುಂದಿನ ಹೆಜ್ಜೆಗೆ ಅವಳ ತಲೆ ಕಾಣಲಿಲ್ಲ.

ಟೀಚರ್ ನೆತ್ತಿಯಿಂದ ಓಡಿಬಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಟಾರ್ಪಾಲಿನ ಹಗ್ಗ ಕಿತ್ತು ತಂದಿದ್ದರು. ಒಂದು ತುದಿ ಮತ್ತಿಮರಕ್ಕೆ, ಇನ್ನೊಂದು ಅವರ ಸೊಂಟಕ್ಕೆ. ಬಿದಿರು ಗಳ ಊರಿಕೊಂಡು ಇಳಿದರು. ವನಜ ಅಷ್ಟರಲ್ಲಿ ಮೇಲೆದ್ದು, ಮುಳುಗಿದ ಮರವೊಂದರ ಕೊಂಬೆ ಹಿಡಿದುಕೊಂಡಿದ್ದಳು. ಕೂಗಲೂ ಅವಳಿಗೆ ಉಸಿರಿರಲಿಲ್ಲ. ಟೀಚರ್ ಅವಳ ಹತ್ತಿರ ಹೋಗುತ್ತಿದ್ದಂತೆ ಹಗ್ಗ ಬಿಗಿಯಿತು. ಇನ್ನೂ ಎರಡು ಮಾರು ಕಡಿಮೆ ಬಿತ್ತು.

"ದಾವಣಿ ಬಿಚ್ಚಿ!" ಎಂದು ಅಲ್ಲಿಂದಲೇ ಕೂಗಿದರು. "ಮರದಿಂದ ಹಗ್ಗ ಬಿಚ್ಬೇಡಿ, ಮೊದ್ಲು ದಾವಣಿ ಕಟ್ಟಿ, ಆಮೇಲೆ ಬಿಚ್ಚಿ!"

ನಾವು ದಾವಣಿಗಳನ್ನು ಒಂದಕ್ಕೊಂದು ಗಂಟು ಹಾಕಿ, ಮರಕ್ಕೆ ಬಿಗಿದು, ಹಗ್ಗಕ್ಕೆ ಸೇರಿಸಿದೆವು. ಒದ್ದೆ ಬಟ್ಟೆ ಜಾರಿ ನನ್ನ ಗಂಟು ಎರಡು ಸಲ ತಪ್ಪಿತು. ಮೂರನೆಯ ಸಲ ಸರಿಯಾಯಿತು. ಮರದ ಹಗ್ಗ ಬಿಚ್ಚಿದಾಗ ಎಲ್ಲ ಭಾರವೂ ಆ ಬಟ್ಟೆಗಳ ಮೇಲೆ ಬಿತ್ತು. ಹಳದಿ, ನೀಲಿ, ಹಸಿರು ದಾವಣಿಗಳು ನೀರಿನ ಮೇಲೆ ತಂತಿಯಂತೆ ಬಿಗಿದು ನಿಂತವು. ಯಾರೂ ಅಳುತ್ತಿರಲಿಲ್ಲ. ಟೀಚರ್ ವನಜಳ ಜಡೆಗೆ ಕೈ ಹಾಕಿದರು, ಆಮೇಲೆ ತೋಳಿಗೆ. "ಎಳೀರೀ!" ಎಂದದ್ದು ಅರ್ಧ ನೀರಿನೊಳಗಿಂದ ಕೇಳಿಸಿತು. ನಾವು ಕೆಸರಿನಲ್ಲಿ ಹಿಂದಕ್ಕೆ ಬಿದ್ದು, ಬಿದ್ದಲ್ಲಿಂದಲೇ ಎಳೆದೆವು.

ದಡದಲ್ಲಿ ವನಜ ನೀರು ಕಕ್ಕಿ, ಮೊದಲು ಆಡಿದ ಮಾತು ಇದು: "ಮೋರಿ ಇತ್ತು ಟೀಚರ್. ನಾವು ಬರೋವಾಗ ಇತ್ತು."

"ಇತ್ತು ಮಗಾ," ಎಂದರು ಟೀಚರ್. "ನೀನು ಸುಳ್ಳು ಹೇಳ್ಲಿಲ್ಲ."

ಬೈಯಲಿಲ್ಲ. ಒಣಗಿದ ಕಂಬಳಿ ಹೊದಿಸಿ, ಬೆಂಕಿ ಕಾಯುವ ಕೆಲಸ ಅವಳಿಗೇ ಕೊಟ್ಟರು. ಆಮೇಲೆ ಗೋಡೆಯ ಹಿಂದೆ ಹೋದರು. ನೀರಿನ ಚೊಂಬು ಹಿಡಿದು ಹೋದ ನಾನು, ಅವರು ಗೋಡೆಗೆ ಎರಡೂ ಕೈ ಊರಿ ವಾಂತಿ ಮಾಡುತ್ತಿದ್ದುದನ್ನು ನೋಡಿದೆ.

"ನಂಗೆ ಈಜು ಬರೋದಿಲ್ಲ ಕಣೇ," ಎಂದರು, ಬಾಯಿ ತೊಳೆದುಕೊಂಡು. "ಸಂಜೆ ತನಕ ಯಾರಿಗೂ ಹೇಳ್ಬೇಡ."

ಮಧ್ಯಾಹ್ನ ಕಳೆದಮೇಲೆ ಮಳೆ ಸ್ವಲ್ಪ ಬಿಟ್ಟಿತು. ಮೂರೂ ಹೊಗೆಗಳು ಮೇಲೆದ್ದವು. ನಾವು ನೋಡುತ್ತಾ ಕೂತೆವು. ಆಚೆ ದಡದಲ್ಲಿ ಯಾರೂ ಇರಲಿಲ್ಲ. ಹೊತ್ತು ವಾಲುತ್ತಿತ್ತು, ಗೂಟ ಎಲ್ಲಿತ್ತೆಂದೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ವನಜಳೇ ಮೊದಲು ಕಂಡಳು: ಮುಳುಗಿದ ಊರುಗಳಿಂದ ಮರಮುಟ್ಟು ಸಾಗಿಸುವವರ ದೋಣಿ. "ಓ..." ಎಂದು ನಾವು ಕೂಗಿದ್ದಕ್ಕೆ ಅವರೂ "ಓ..." ಎಂದರು.

ದೋಣಿ ಸಣ್ಣದು. ನಾಲ್ಕಾರು ಜನರಿಗಿಂತ ಹೆಚ್ಚು ಹಿಡಿಸದು. ಅಳುತ್ತಿದ್ದ ಚಿಕ್ಕವರು ಮೊದಲು ಹೋಗುತ್ತಾರೆಂದುಕೊಂಡಿದ್ದೆವು. ಟೀಚರ್ ದೊಡ್ಡ ಹುಡುಗಿಯರಲ್ಲಿ ಗಟ್ಟಿಗರಿಬ್ಬರನ್ನು ಮೊದಲ ದೋಣಿಯಲ್ಲೇ ಕೂರಿಸಿದರು. "ಆಚೆ ಇಳಿಸ್ಕೊಳ್ಳೋಕೆ ಕೈ ಬೇಕು," ಎಂದರು. ದೋಣಿ ಹೋಗಿ ಬಂದು ಮಾಡಿತು. ಪ್ರತಿ ಸಲವೂ ಅವರು ಮೊಣಕಾಲು ನೀರಿನಲ್ಲಿ ನಿಂತು ಅದರ ಅಂಚು ಹಿಡಿಯುತ್ತಿದ್ದರು. ಕೊನೆಯ ದೋಣಿಗೆ ಹತ್ತಿದವರು ಅವರು. ಹತ್ತುವ ಮೊದಲು ಬೆಂಕಿಗಳನ್ನು ಆರಿಸಿ ಬಂದರು.

ಸುದ್ದಿ ನಮಗಿಂತ ಮೊದಲೇ ಸಾಗರ ಮುಟ್ಟಿತ್ತು. ಆ ವಾರ ಶಾಲೆಯ ಹಾಲಿನಲ್ಲಿ ತಂದೆತಾಯಿಯರು ಸೇರಿದರು. ಹುಡುಗಿಯರನ್ನು ಹೊರಗೆ ನಿಲ್ಲಿಸಿದ್ದರು. ನಾವು ಕಿಟಕಿಗೆ ಅಂಟಿಕೊಂಡಿದ್ದೆವು.

"ಹೆಣ್ಣುಮಕ್ಕಳನ್ನ ಕಾಡಿಗೆ ಕರ್ಕೊಂಡು ಹೋಗಿ ಬೇಟೆ ಆಡ್ಸೋದಿತ್ತಾ? ಹೆಣ ತರ್ತಿದ್ರಿ!" ಎಂದು ಒಬ್ಬರು ಮೇಜು ಗುದ್ದಿದರು.

ಟೀಚರ್ ಎದ್ದು ನಿಂತರು. "ಹೌದು," ಎಂದರು. "ಜಾಗ ಆರಿಸಿದ್ದು ನಾನು. ಜೊತೆ ಟೀಚರ್ ವಾಪಸ್ ಹೋದ ದಿನವೇ ಹೊರಡಬೇಕಿತ್ತು. ಅರ್ಧಕ್ಕೆ ಬಂದ್ರೆ, ಹೆಣ್ಣುಮಕ್ಕಳ ಕೈಲಿ ಆಗೋದಿಲ್ಲ ಅಂತ ನೀವೆಲ್ಲ ಹೇಳ್ತೀರಿ ಅಂತ ಹಟ ಹಿಡಿದೆ. ನನ್ನ ಹಟಕ್ಕೆ ಮಕ್ಕಳನ್ನ ಒಡ್ಡಿದೆ. ತಪ್ಪು ನನ್ನದೇ."

ಬಾಗಿಲ ಬಳಿ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದ ವನಜಳ ಅಪ್ಪ ಮಾತ್ರ, "ನನ್ನ ಮಗಳು ಹೇಳಿದ ಮಾತು ಕೇಳದೆ ನೀರಿಗಿಳಿದ್ಲು. ಇವ್ರು ಹೋಗಿ ತಂದ್ರು. ಇನ್ನೊಂದ್ಸಲ ಕರೀಲಿ, ನಾನು ಕಳಿಸ್ತೀನಿ," ಎಂದರು. ಯಾರೂ ಅವರ ಕಡೆ ತಿರುಗಲಿಲ್ಲ. ನಮ್ಮ ತಂದೆ ತಲೆ ತಗ್ಗಿಸಿ ಕೂತಿದ್ದರು.

ಶಿಬಿರಗಳು ನಿಂತವು. ಟೀಚರಿಗೆ ತೀರ್ಥಹಳ್ಳಿಗೆ ವರ್ಗವಾಯಿತು. ಬಸ್ಸಿಗೆ ಸೀಟು ಹಿಡಿದುಕೊಟ್ಟವರು ನಮ್ಮ ತಂದೆಯೇ. ಟೀಚರ್ ಟಿಕೆಟ್ ತೆಗೆದುಕೊಂಡು, "ಮಗಳು ಗಂಟು ಚೆನ್ನಾಗಿ ಹಾಕ್ತಾಳೆ ರಾಯರೇ," ಎಂದು ಹತ್ತಿ ಕೂತರು.

ವರ್ಷಗಳ ಮೇಲೆ ನಾನೂ ಮೇಡಂ ಆದೆ, ಹೊಸನಗರದಲ್ಲಿ. ಹುಡುಗಿಯರನ್ನು ಕಾಡಿಗೆ ಯಾರು ಕರೆದೊಯ್ಯುತ್ತೀರೆಂದು ಹೆಡ್ಮಾಸ್ಟರು ಕೇಳಿದ ದಿನ ಕೈ ಎತ್ತಿಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ತೀರ್ಥಹಳ್ಳಿಗೆ ಹೋದೆ. ಟೀಚರ್ ನಿವೃತ್ತಿಯ ಹತ್ತಿರದಲ್ಲಿದ್ದರು, ಮಂಡಿ ನೋವು ಹಿಡಿದಿತ್ತು. ಕಾಫಿ ಕೊಡುವ ಮೊದಲೇ ಪರೀಕ್ಷೆ ಶುರುಮಾಡಿದರು.

"ಜಾಗ ನೋಡಿದ್ಯಾ? ಒಂದು ದಾರಿ ಕಟ್ಟಿದ್ರೆ ಇನ್ನೊಂದು ದಾರಿ ಎಲ್ಲಿದೆ? ನೀನು ಬಿದ್ರೆ ಮಕ್ಕಳನ್ನ ನೋಡೋರು ಯಾರು?"

ನಾನು ಎಲ್ಲದಕ್ಕೂ ಉತ್ತರ ಹೇಳಿದಮೇಲೆ ಕಾಫಿ ಕೊಟ್ಟು, ಆ ಶಿಬಿರದ ವಿಷಯ ತೆಗೆದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ತಗ್ಗು ಮತ್ತೆ ಕಾಣುತ್ತದಂತೆ. ಅವರು ಪ್ರತಿ ವರ್ಷ ಒಬ್ಬರೇ ಅಲ್ಲಿಗೆ ಹೋಗಿ ಬರುತ್ತಿದ್ದರಂತೆ.

"ಯಾಕೆ ಟೀಚರ್?"

"ನೀರು ತಗ್ಗಿಗೆ ನುಗ್ಗುತ್ತೆ ಅನ್ನೋದು ಎಲ್ಲಿಂದ ನೋಡಿದ್ರೆ ಗೊತ್ತಾಗ್ತಿತ್ತು ಅಂತ ನೋಡೋಕೆ. ಗೊತ್ತಾಗ್ತಿತ್ತು ಕಣೇ. ಗುಡ್ಡದ ಮೇಲಿಂದ ಎಲ್ಲಾ ಕಾಣ್ಸುತ್ತೆ. ನಾನು ನೋಡ್ಲಿಲ್ಲ ಅಷ್ಟೇ." ಆಮೇಲೆ ಹೇಳಿದರು: "ನಿನ್ನ ಮಕ್ಕಳಿಗೆ ಈ ಕಥೆ ಹೇಳ್ತೀಯಲ್ಲ, ಆಗ ನನ್ನ ದೊಡ್ಡೋಳು ಮಾಡ್ಬೇಡ. ಎಲ್ಲಿ ತಪ್ಪಿದೆ ಅನ್ನೋದನ್ನ ಸರಿಯಾಗಿ ಹೇಳು."

ಅವರು ತೀರಿಕೊಂಡದ್ದು ಅದಾಗಿ ಕೆಲವು ವರ್ಷಗಳಿಗೆ, ಒಂದು ಚಳಿಗಾಲದ ಬೆಳಿಗ್ಗೆ. ವನಜ ಮತ್ತು ನಾನು ಒಂದೇ ಬಸ್ಸಿನಲ್ಲಿ ಹೋದೆವು. ಕಾಲು ಮುಟ್ಟಿ ನಮಸ್ಕರಿಸುವಾಗ ವನಜ ಅಲ್ಲಿಂದ ಏಳಲಿಲ್ಲ. ನಾನೇ ಎಬ್ಬಿಸಬೇಕಾಯಿತು.

ನನ್ನ ಕೆಲಸದ ವರ್ಷಗಳಲ್ಲಿ ಪ್ರತಿ ಶಿಬಿರದ ಮೊದಲ ದಿನ ಹುಡುಗಿಯರನ್ನು ಕೂರಿಸಿಕೊಂಡು ಈ ಕಥೆ ಹೇಳಿದ್ದೇನೆ. ಟೀಚರ್ ಎಲ್ಲಿ ತಪ್ಪಿದರು, ಯಾಕೆ ತಪ್ಪಿದರು ಎಂಬುದನ್ನು ಅವರು ಹೇಳಿದಂತೆಯೇ ಬಿಡದೆ ಹೇಳಿದ್ದೇನೆ. ಅದರ ಜೊತೆಗೆ, ಅವರು ಹೇಳು ಎನ್ನದೆ ಇದ್ದ ಒಂದು ಮಾತನ್ನೂ ಸೇರಿಸುತ್ತಿದ್ದೆ: ಅವತ್ತು ಅವರ ಜೊತೆ ಹೋದ ಹುಡುಗಿಯರು ಒಬ್ಬರೂ ತಪ್ಪದೆ ಮನೆಗೆ ಬಂದೆವು.