ಆಯಿ ಬೆಳೆದ ಕೆಂಪು ಕಲ್ಲಿನ ಊರು

ನನ್ನ ತಂದೆಯ ತಾಯಿಯನ್ನು ನಾವೆಲ್ಲ ಆಯಿ ಎನ್ನುತ್ತೇವೆ. ಗುಂಜೋಟಿಯ ಕುರಿಗಾರರ ಮನೆಗೆ ಸೊಸೆಯಾಗಿ ಬರುವ ಮುಂಚೆ ಅವಳು ಉದಗೀರದ ಆಚೆ ಒಂದು ಗಣಿ ಊರಿನಲ್ಲಿ ಬೆಳೆದವಳು ಎಂಬುದಷ್ಟೇ ನಮಗೆ ಗೊತ್ತಿತ್ತು. ರೋಗ ಬಂದು ತವರಿನ ಕುರಿಗಳೆಲ್ಲ ಸತ್ತ ಮೇಲೆ ಅವಳ ಅಪ್ಪ ಅಲ್ಲಿ ಕೆಂಪು ಕಲ್ಲು ಕಡಿಯುವ ಕೆಲಸ ಹಿಡಿದಿದ್ದನಂತೆ. ಕಣ್ಣು ಪೂರ್ತಿ ಮಂಜಾಗುವ ಮೊದಲು ಒಮ್ಮೆ ಆ ಊರು ನೋಡಬೇಕು ಎಂದು ಹೋದ ಚಳಿಗಾಲ ಅವಳೇ ಹೇಳಿದಳು. ಕಾರಿನಲ್ಲಿ ಕೂರಿಸಿಕೊಂಡು ಉಮರ್ಗಾ, ನಿಲಂಗಾ ದಾಟಿ ಕರೆದೊಯ್ದೆ.

ಊರು ಅರ್ಧ ಖಾಲಿಯಾಗಿತ್ತು. ಜನ ಸಿಮೆಂಟ್ ಇಟ್ಟಿಗೆಗೆ ತಿರುಗಿದ ಮೇಲೆ ಗಣಿಗಳು ಒಂದೊಂದಾಗಿ ನಿಂತವು, ಈಗ ಹಿಂದಿನದೊಂದೇ ನಡೆಯುತ್ತಿದೆ ಎಂದು ಚಹಾ ಅಂಗಡಿಯವನು ಮರಾಠಿಯಲ್ಲಿ ಹೇಳಿದ. ಅವನ ಅಂಗಡಿಯ ಹಿಂದೆ ಐವತ್ತು ಹೆಜ್ಜೆ ನಡೆದೆವೋ ಇಲ್ಲವೋ, ನೆಲವೇ ಮುಗಿದುಹೋಯಿತು.

ಬಾವಿಯಂಥದ್ದೊಂದು ಗುಂಡಿ ಇರಬಹುದೆಂದು ಎಣಿಸಿದ್ದೆ. ಕಾಲ ಕೆಳಗೆ ಒಂದು ಇಡೀ ಓಣಿ ಹಿಡಿಸುವಷ್ಟು ಪೊಳ್ಳು ಇತ್ತು. ಗೋಡೆಗಳು ನೆಟ್ಟಗೆ ಇಳಿದಿದ್ದವು. ಮೇಲಿನಿಂದ ತಳದವರೆಗೆ ಕಲ್ಲು ತೆಗೆದ ಗುರುತು ಸಾಲು ಸಾಲಾಗಿ, ಒಂದೊಂದೂ ಗೇಣೆತ್ತರ. ತಳದ ಆಚೆ ತುದಿಯಲ್ಲಿ ಮೇಯುತ್ತಿದ್ದವನ್ನು ಆಡುಗಳೆಂದುಕೊಂಡೆ. ದಿಟ್ಟಿಸಿದರೆ ಎಮ್ಮೆಗಳು.

"ಇದೆಲ್ಲಾ ಕೈಲಿಂದ ಕಡದದ್ದು," ಅಂದಳು ಆಯಿ. "ಮಶೀನ್ ಬಂದಿದ್ದು ನನ್ನ ಲಗ್ನಾದ ಮ್ಯಾಲೆ."

ಕಡಿದ ಕಲ್ಲನ್ನು ತಲೆಯ ಮೇಲೆ ಹೊತ್ತು ಮೇಲಕ್ಕೆ ಸಾಗಿಸುತ್ತಿದ್ದವರು ಹೆಂಗಸರು, ಅವರಲ್ಲಿ ತಾನೂ ಒಬ್ಬಳು ಎಂದು ಅವಳು ಅಲ್ಲೇ ಮೊದಲ ಸಲ ಹೇಳಿದಳು. ಅವರು ಹತ್ತುತ್ತಿದ್ದ ಇಳಿಜಾರು ದಾರಿಯಲ್ಲಿ ಕೈ ಹಿಡಿಯಲು ಹೋದರೆ ಬೇಡವೆಂದು ಕೊಡವಿಕೊಂಡು, ಎಲ್ಲೆಲ್ಲಿ ಬಲಕ್ಕೆ ಸರಿಯಬೇಕೆಂದು ನನಗೇ ಹೇಳುತ್ತ ಇಳಿದಳು.

ತಳದಲ್ಲಿ ಒಬ್ಬ ನಡುವಯಸ್ಸಿನ ಕೆಲಸಗಾರ ಕಲ್ಲೊಂದನ್ನು ಬುಡದಿಂದ ಎಬ್ಬಿಸಲು ಹಾರೆ ಇಟ್ಟಿದ್ದ. ಆಯಿ ಅವನನ್ನು ನಿಲ್ಲಿಸಿ, ಒಂದು ಕಲ್ಚೂರು ಎತ್ತಿಕೊಂಡು ಕಲ್ಲಿನ ಮೇಲೆ ಮೂರು ಕಡೆ ಬಡಿದು ಕಿವಿಗೊಟ್ಟಳು. ನನಗೆ ಮೂರೂ ಒಂದೇ ಸದ್ದು.

"ಇದರಾಗ ಒಳಗ ಸೀಳ ಅದ, ತಮ್ಮಾ. ಈ ಬದಿಲಿಂದ ಎಬ್ಬಿಸಿದ್ರ ಇಲ್ಲೇ ಎರಡಾಗ್ತದ," ಎಂದು ಬೆರಳಿಂದ ಗೆರೆ ಎಳೆದು ತೋರಿಸಿದಳು.

ಅವನು ನಕ್ಕ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ ಎಂದು ಹಾರೆ ಮೀಟಿದ. ಕಲ್ಲು ಅವಳ ಬೆರಳು ಹೋದ ಗೆರೆಯಲ್ಲೇ ಒಡೆಯಿತು.

ಅವನು ಹಾರೆ ಕೆಳಗಿಟ್ಟ. ಆಮೇಲೆ ಪಕ್ಕದ ಕಲ್ಲು ತೋರಿಸಿ, "ಇದು ಹೆಂಗದ ನೋಡ್ರಿ, ಆಯಿ," ಎಂದ. ಉಳಿದ ಕೆಲಸಗಾರರೂ ಬಂದರು. ಮಧ್ಯಾಹ್ನದವರೆಗೆ ಆಯಿ ಕಲ್ಲಿನಿಂದ ಕಲ್ಲಿಗೆ ಬಡಿಯುತ್ತ ನಡೆದಳು. ನಾನು ಅವಳ ಚಪ್ಪಲಿ ಹಿಡಿದುಕೊಂಡು ಹಿಂದೆ ಹಿಂದೆ.

ಯಾರು ಕಲಿಸಿದರೆಂದು ವಾಪಸ್ ಬರುವಾಗ ಕೇಳಿದೆ. ತನ್ನ ಅವ್ವ, ಅಂದಳು. "ಸೀಳ ಇದ್ದ ಕಲ್ಲು ಹೊತ್ರ ದಾರ್ಯಾಗ ಒಡದು ಹಿಂದ ಬರೋರ ಮ್ಯಾಲೆ ಬೀಳ್ತದ. ಹೊರೋ ಮೊದಲ ಕೇಳ್ಕೋಬೇಕು."

ಉದಗೀರದ ಹಳೆಯ ಗಲ್ಲಿಯಲ್ಲಿ ಎರಡೂ ಕಡೆ ಅದೇ ಕೆಂಪು ಕಲ್ಲಿನ ಗೋಡೆಗಳು. ಎಷ್ಟೋ ಸಲ ನೋಡದೆಯೇ ದಾಟಿದ್ದೆ. ಕಾರು ನಿಲ್ಲಿಸಿ ಇಳಿದು ಒಂದರ ಮೇಲೆ ಅಂಗೈ ಇಟ್ಟು ನಿಂತೆ. ಆಯಿ ಕಿಟಕಿಯಿಂದ ನನ್ನನ್ನೇ ನೋಡಿ, ಹಸಿವಾಗಿದೆ, ನಡೆ ಅಂದಳು.