ಇನ್ನೊಮ್ಮೆ ಬಾಗ್ರಿ, ನೋಡೂಣು

ಸಂಶಿಯಲ್ಲಿ ನಮ್ಮ ಬಾಜು ಮನೆಯ ಹುಡುಗಿ ಇಂಜಿನಿಯರ್ ಆಗಿದ್ದಳು. ದಿನಾ ಹುಬ್ಬಳ್ಳಿಗೆ ಹೋಗಿ, ಬೆನ್ನುಮೂಳೆಗೆ ಹಾಕುವ ಬಾಗುವಂಥ ಸರಳುಗಳನ್ನು ವಿನ್ಯಾಸ ಮಾಡುತ್ತಿದ್ದಳು. ಬೆನ್ನನ್ನು ಉದ್ದಕ್ಕೆ ಕೊಯ್ಯದೆ, ಸಣ್ಣ ಗಾಯದೊಳಗಿಂದಲೇ ತೂರಿಸುವ ಸರಳುಗಳು.

ಯಾರಾದರೂ ಬಾಗಿದರೆ ಸಾಕು, ನಿಂತು ನೋಡುತ್ತಿದ್ದಳು. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವರನ್ನೂ ಬಿಡಲಿಲ್ಲ. ನಾನು ರೊಟ್ಟಿ ಬಡಿಯುವಾಗ ಬಂದು, "ಇನ್ನೊಮ್ಮೆ ಬಾಗ್ರಿ ಅಕ್ಕಾರ, ನೋಡೂಣು," ಅನ್ನುವಳು. "ರೊಟ್ಟಿ ಹೊತ್ತತೈತಿ ಬೇ," ಎಂದು ಬೈದರೂ ಅವಳ ಕಣ್ಣು ನನ್ನ ನಡುವಿನ ಮೇಲೆಯೇ.

ಅವಳ ತಾಯಿಯ ಬೆನ್ನಿನಲ್ಲಿ ಹಿಂದೊಮ್ಮೆ ಹಾಕಿದ ಗಟ್ಟಿ ಸರಳಿತ್ತು. ನೋವು ಹೋಗಿತ್ತು, ಜೊತೆಗೆ ಬಾಗುವುದೂ ಹೋಗಿತ್ತು. ಕುರ್ಚಿಯಲ್ಲಿ ಕೂತೇ ನಮಾಜು ಮಾಡುತ್ತಿದ್ದರು. ಚಪ್ಪಲಿಯ ಪಟ್ಟಿಯನ್ನು ದಿನಾ ಮಗಳೇ ಹಾಕಬೇಕು.

ಒಂದು ಮುಂಜಾನೆ ನಾನು ಅಲ್ಲಿದ್ದಾಗ ಮಗಳು ತನ್ನ ಹೊಸ ಸರಳನ್ನು ತಾಯಿಯ ಅಂಗೈಯಲ್ಲಿಟ್ಟಳು. ತಾಯಿ ಬಾಗಿಸಿ ನೋಡಿದರು. ಬಿಟ್ಟ ಕೂಡಲೇ ಅದು ನೆಟ್ಟಗಾಯಿತು.

"ನನಗ ಹಾಕ್ತಾರೇನು?"

"ಇಲ್ಲ ಅಮ್ಮೀ. ನಿನ್ನ ಎಲುಬು ಆಗಲೇ ಒಂದಕ್ಕೊಂದು ಕೂಡಿಬಿಟ್ಟಾವು."

ತಾಯಿ ಅದನ್ನು ಮತ್ತೆ ಬಾಗಿಸಿ, ಹಿಂದಕ್ಕೆ ಕೊಟ್ಟರು.

"ಇರ್ಲಿ ಬಿಡು. ಮುಂದ ಇದನ್ನ ಹಾಕಿಸ್ಕೊಳ್ಳಾಕಿ ನೆಲಕ್ಕ ಹಣಿ ಹಚ್ಚಲಿ."

ಮಗಳು ಬಾಗಿ ತಾಯಿಗೆ ಚಪ್ಪಲಿ ಹಾಕತೊಡಗಿದಳು. ತಾಯಿ ಅವಳ ಬೆನ್ನಿನ ಮೇಲೆ ಕೈಯಿಟ್ಟು, ತಸ್ಬೀಯ ಜಪಮಣಿ ಸರಿಸುವಂತೆ ಒಂದೊಂದೇ ಎಲುಬನ್ನು ಮುಟ್ಟುತ್ತ ಹೋದರು. ಅವಳು ಒಂದೇ ಕಾಲಿಗೆ ಹಾಕಿ ಎದ್ದುಬಿಟ್ಟಳು, ಮುಖ ಆ ಕಡೆ ತಿರುಗಿಸಿ.

ತಾಯಿ ಇನ್ನೊಂದು ಕಾಲನ್ನು ಮುಂದೆ ಚಾಚಿ ನಕ್ಕರು.

"ಇನ್ನೊಮ್ಮೆ ಬಾಗು, ನೋಡೂಣು."