ಸೊಂಟ ತುಳಿಯುವವಳಿಗೆ ಸೊಂಟನೋವು

ಬಲಗಾಲಿನ ಚಪ್ಪಲಿ ಕಳಚಿ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಹಿಂದೆ ಬರುತ್ತಿದ್ದ ಹೆಣ್ಣುಮಗಳೊಬ್ಬಳು ಕೂಗಿ ಹೇಳಿದಳು. ನಿಂತು ನೋಡಿದೆ.

ಹೆಬ್ಬೆರಳು ಎತ್ತಲು ಬರಲಿಲ್ಲ.

ಸೊಂಟನೋವು ಅದಕ್ಕಿಂತ ಹಳೆಯದು, ಎಷ್ಟೋ ವರ್ಷದ್ದು. ಮನೆಯಲ್ಲಿ ಹೇಳಿದರೆ ನಗುತ್ತಿದ್ದರು. ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಪಾದದಿಂದ ತುಳಿದರೆ ಹಿಡಿದ ಸೊಂಟ ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಸೇಡಂ ಹತ್ತಿರದ ಈ ಮುಧೋಳಕ್ಕೆ ಸೊಸೆಯಾಗಿ ಬಂದಾಗಿನಿಂದ ಪಕ್ಕದೂರು ಆಡಕಿಯವರೂ ಬಂದು ನಮ್ಮ ಪಡಸಾಲೆಯಲ್ಲಿ ಬೋರಲು ಮಲಗುತ್ತಿದ್ದರು. ರೊಟ್ಟಿ ಬಡಿಯುವುದು ಬಿಟ್ಟು ನಾನು ಎದ್ದು ಹೋಗಿ ತುಳಿಯಬೇಕು. ತಮ್ಮೆದುರು ನನ್ನನ್ನು ಕೂಡಲೂ ಬಿಡದ ಅತ್ತೆ, ಸೊಂಟ ಹಿಡಿದಾಗ ಮಾತ್ರ ನನ್ನ ಕಾಲಬುಡದಲ್ಲಿ ಮಲಗುತ್ತಿದ್ದರು. ಊರವರ ಸೊಂಟಕ್ಕೆಲ್ಲ ಮರುಗುವ ಆ ಮನೆಯಲ್ಲಿ, ನನ್ನ ನೋವು ಸುಳ್ಳೆನ್ನಲು ನನ್ನ ಕಾಲನ್ನೇ ತೋರಿಸುತ್ತಿದ್ದರು.

“ಊರ ಮಂದಿ ಸೊಂಟ ಬಿಡಸಾಕಿ ನೀ. ನಿಂಗ್ಯಾನ್ ನೋವು?” ಅನ್ನುತ್ತಿದ್ದರು ಅತ್ತೆ.

ಕಲಬುರಗಿಯ ಡಾಕ್ಟರು ಎಂಆರ್‌ಐ ನೋಡಿದರು. ಡಿಸ್ಕ್ ಹೊರಗೆ ಬಂದು ಕಾಲಿನ ನರ ಒತ್ತುತ್ತಿದೆ. ಬರೀ ಫಿಜಿಯೋಥೆರಪಿಯಲ್ಲಿ ಇನ್ನು ಮುಗಿಯುವುದಿಲ್ಲ ಎಂದರು. ಒತ್ತುತ್ತಿರುವ ತುಂಡನ್ನಷ್ಟೇ ತೆಗೆಯುವ ಡಿಸ್ಕೆಕ್ಟಮಿ ಆಪರೇಷನ್ ಒಂದು. ಸ್ಕ್ರೂ, ರಾಡ್ ಹಾಕಿ ಎಲುಬು ಕೂಡಿಸುವ ಫ್ಯೂಷನ್ ಇನ್ನೊಂದು. ನನಗೆ ಮೊದಲನೆಯದು ಸಾಕಂತೆ. ಅದು ಕಾಲು ಉಳಿಸಲಿಕ್ಕೆ. ಸೊಂಟನೋವು ಪೂರ್ತಿ ಹೋಗುವ ಭರವಸೆ ಅವರು ಕೊಡಲಿಲ್ಲ. ತಡಮಾಡಿದರೆ ಪಾದ ಜೋತುಬಿದ್ದೇ ಉಳಿಯಬಹುದು ಎಂದರು.

ಜೊತೆಗೆ ಬಂದಿದ್ದ ನನ್ನ ಗಂಡ ಮುಂದಕ್ಕೆ ಬಾಗಿ ಕೇಳಿದರು.

“ಸಾಹೇಬ್ರ, ಆಪರೇಷನ್ ಆದ್ಮ್ಯಾಗ ಆಕಿ ಕಾಲಿನ ಗುಣ ಇರ್ತದೇನ್ರಿ?”

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗಾಯಿತು. ಹಾಳಾಗಿ ಹೋಗಲಿ ಆ ಗುಣ!

“ಮನ್ಯಾಗ ಅವ್ವಗ ಕೇಳಿ ಬರ್ತೀವ್ರಿ,” ಎಂದು ಅವರು ಎದ್ದರು.

“ನೀವು ಹೋಗಿ ಕೇಳ್ರಿ. ನಾ ಇಲ್ಲೇ ಇರ್ತೀನಿ,” ಅಂದೆ. ಡಾಕ್ಟರ ಕಡೆ ತಿರುಗಿದೆ. “ಆಪರೇಷನ್ ಮಾಡ್ರಿ, ಸಾಹೇಬ್ರ.”

ಕುರ್ಚಿ ಹಿಡಿದುಕೊಂಡೇ ಹೇಳಿದೆ. ಭಾಳ ಹೆದರಿಕೆಯಾಗಿತ್ತು.

ಆಪರೇಷನ್ ಆಯಿತು. ಕಾಲಿನ ಉರಿ ಇಳಿಯಿತು. ಹೆಬ್ಬೆರಳು ಮೊದಲ ಸಲ ಒಂಚೂರು ಅಲುಗಿದಾಗ ವಾರ್ಡಿನಲ್ಲಿ ಎಲ್ಲರೆದುರೇ ಅಳು ಬಂತು, ಡಾಕ್ಟರಿಗೆ ಕೈಮುಗಿದೆ. ಈಗ ನಡೆಯುತ್ತೇನೆ. ಆದರೆ ಬೆಳಿಗ್ಗೆ ಸೊಂಟ ಇನ್ನೂ ಹಿಡಿಯುತ್ತದೆ.

“ಆಪರೇಷನ್ ಆಗ್ಯಾದಲ್ಲ, ಇನ್ಯಾನ್ ನೋವು?” ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಾರೆ.

ಮೊದಲಾದರೆ ಹಲ್ಲು ಕಚ್ಚಿಕೊಂಡು ಎದ್ದುಬಿಡುತ್ತಿದ್ದೆ. ಈಗ ನೋವು ತಗ್ಗುವವರೆಗೆ ಏಳುವುದಿಲ್ಲ.